ಮೊದಲು ಗುರುತು, ಆಮೇಲೆ ಟೇಬಲ್

ಕೊಡಗಿನ ಹಳೆಯ ಬಂಗಲೆಗಳು ಒಂದೊಂದಾಗಿ ಹೋಂಸ್ಟೇ ಆಗತೊಡಗಿದ ಮೇಲೆ ನನ್ನ ಗ್ಯಾರೇಜಿಗೆ ಹೊಸ ಬಗೆಯ ಗಿರಾಕಿಗಳು ಬರುತ್ತಿದ್ದಾರೆ. ಗೋಣಿಕೊಪ್ಪದಲ್ಲಿ ನನ್ನದು ಜೀಪು ರಿಪೇರಿ ಕೆಲಸ. ಮೊದಲೆಲ್ಲ ಕ್ಲಚ್ಚು ಜಾರುತ್ತದೆ, ಬ್ರೇಕು ಹಿಡಿಯುವುದಿಲ್ಲ ಎಂದು ಬರುತ್ತಿದ್ದವರು ಈಗ ಜೀಪಿನ ಹಿಂಬದಿಯಿಂದ ಗೋಣಿತಾಟಿನಲ್ಲಿ ಸುತ್ತಿದ ಮರದ ಗಾಲಿಯೊಂದನ್ನು ಇಳಿಸಿ, "ಮೇಸ್ತ್ರಿ, ಇದಕ್ಕೊಂದು ಗ್ಲಾಸ್ ಕೂರಿಸಿ ಟೇಬಲ್ ಮಾಡಿಕೊಡಿ" ಅನ್ನುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಗಾಡೀದು ಅಂತ ಗೊತ್ತಾ?" ಉತ್ತರವೂ ಹೆಚ್ಚುಕಡಿಮೆ ಒಂದೇ: "ಎತ್ತಿನಗಾಡೀದು ಇರ್ಬೇಕು. ಅಟ್ಟದ ಮೇಲೆ ಬಿದ್ದಿತ್ತು."

ಹಾಗೆ ಬಂದ ಗಾಲಿಗಳಲ್ಲಿ ಬಹುಪಾಲು ನಿಜಕ್ಕೂ ಎತ್ತಿನಗಾಡಿಯವೇ. ಆದರೆ ನಡುನಡುವೆ ಒಂದೊಂದು ನೂರು ವರ್ಷದ ಹಿಂದಿನ ಮೋಟಾರು ಕಾರಿನದಾಗಿರುತ್ತದೆ. ಅಂಥದ್ದಕ್ಕೆ ಡ್ರಿಲ್ ಇಟ್ಟರೆ ಮತ್ತೆ ಕೂಡಿಸಲಾಗದು. ಹಾಗಾಗಿ ಗಾಲಿ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಅದನ್ನು ಕೆಡಿಸದೆ ಬಳಸುವುದು ಹೇಗೆ ಎಂದು ಬರೆಯುತ್ತಿದ್ದೇನೆ. ಅಮ್ಮತ್ತಿ ಕಡೆಯ ತೋಟವೊಂದರಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಅಟ್ಟದಿಂದ ಬಂದ ಒಂದು ಗಾಲಿ ಇಲ್ಲಿ ನಮಗೆ ಉದಾಹರಣೆ.

ಕೊಡಗಿಗೆ ಈ ಗಾಲಿ ಬಂದದ್ದು

ಕೊಡಗಿಗೆ ಇವತ್ತಿಗೂ ರೈಲು ಬಂದಿಲ್ಲ. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬ ಆಂಗ್ಲ ಪ್ಲಾಂಟರ್ ಕಾಫಿ ತೋಟ ಎಬ್ಬಿಸಿದಾಗಿನಿಂದ ದಶಕಗಳ ಕಾಲ ಕಾಫಿ ಮೂಟೆ ಎತ್ತಿನಗಾಡಿಯಲ್ಲೇ ಘಟ್ಟ ಇಳಿದು ತಲಶ್ಶೇರಿ, ಮಂಗಳೂರಿನ ಬಂದರು ಸೇರುತ್ತಿತ್ತು. ರೈಲಿಲ್ಲದ ಈ ಗುಡ್ಡಗಾಡಿನಲ್ಲಿ ಮೋಟಾರು ಬಂದಾಗ ತೋಟದವರಿಗೆ ಅದು ಶೋಕಿಗಿಂತ ಹೆಚ್ಚಾಗಿ ಅಗತ್ಯವಾಗಿತ್ತು. ಕೆಸರು ದಾರಿಗೆ, ಕಲ್ಲು ದಾರಿಗೆ ನೆಲದಿಂದ ಎತ್ತರ ನಿಲ್ಲುವ, ಅಗ್ಗದ, ಊರಲ್ಲೇ ಬಿಚ್ಚಿ ಜೋಡಿಸಬಲ್ಲ ಕಾರು ಬೇಕಿತ್ತು.

ಜಗತ್ತಿನಲ್ಲಿ ಆಗ ಅಂಥ ಕಾರು ಎಂದರೆ ಮೊದಲು ನೆನಪಾಗುವುದು ಅಮೆರಿಕದ ಫೋರ್ಡ್ ಕಂಪನಿಯ ಮಾಡೆಲ್ ಟಿ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದವು. ಬ್ರಿಟಿಷ್ ಸಾಮ್ರಾಜ್ಯದ ಬಹುತೇಕ ನಾಡುಗಳಿಗೆ, ಭಾರತಕ್ಕೂ, ಫೋರ್ಡ್ ಕಾರು ಬರುತ್ತಿದ್ದದ್ದು ಕೆನಡಾದ ಕಾರ್ಖಾನೆಯಿಂದ. ಷೆವ್ರೊಲೆ, ಡಾಜ್, ಓವರ್‌ಲ್ಯಾಂಡ್, ಬ್ಯುಯಿಕ್ ಇವೆಲ್ಲ ಅದೇ ಕಾಲದವು. ಎಲ್ಲಕ್ಕೂ ಮರದ ಗಾಲಿ ಇತ್ತು. 1928ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಬೊಂಬಾಯಿಯ ಶಿವಡಿಯಲ್ಲಿ ಕಾರು ಜೋಡಿಸಲು ಶುರು ಮಾಡುವ ಹೊತ್ತಿಗೆ ಮರದ ಗಾಲಿಯ ಕಾಲ ಮುಗಿಯುತ್ತ ಬಂದಿತ್ತು. ಫೋರ್ಡಿನ ಮುಂದಿನ ಕಾರು ಮಾಡೆಲ್ ಎ ತಂತಿ ಸ್ಪೋಕಿನ ಉಕ್ಕಿನ ಗಾಲಿಯಲ್ಲೇ ಹೊರಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೀಪು ಬಂತು, ಕೊಡಗಿನವರು ಅದಕ್ಕೆ ಮನಸೋತರು. ಹಳೆಯ ಕಾರುಗಳ ತಗಡು, ಎಂಜಿನ್ನು ಗುಜರಿಗೆ ಹೋದವು. ಮರದ ಗಾಲಿಯನ್ನು ಗುಜರಿಯವನು ಮುಟ್ಟುತ್ತಿರಲಿಲ್ಲ, ತೂಕಕ್ಕೆ ಬರುವ ಕಬ್ಬಿಣ ಅದರಲ್ಲಿ ಕಡಿಮೆ. ಅದೇ ಕಾರಣಕ್ಕೆ ಕಾರು ಹೋದರೂ ಗಾಲಿ ಉಳಿಯಿತು.

ಎತ್ತಿನದೋ, ಕಾರಿನದೋ?

ಈ ಪ್ರಶ್ನೆಗೆ ಉತ್ತರ ಇರುವುದು ಗಾಲಿಯ ನಡುಭಾಗದಲ್ಲಿ. ಎತ್ತಿನಗಾಡಿಯ ಗಾಲಿಗೆ ನಡುವೆ ದಪ್ಪ ಮರದ ಗುಂಬ ಇರುತ್ತದೆ. ಅದರ ಸುತ್ತ ಚೌಕ ತೂತು ಕೊರೆದು ಅರೆಗಳನ್ನು, ಅಂದರೆ ಸ್ಪೋಕುಗಳನ್ನು, ಬಡಿದು ಕೂರಿಸಿರುತ್ತಾರೆ. ಹೊರ ಸುತ್ತಿಗೆ ಬಾಗಿದ ಮರದ ತುಂಡುಗಳು, ಅದರ ಮೇಲೆ ಕಮ್ಮಾರ ಕಾಯಿಸಿ ತೊಡಿಸಿದ ಕಬ್ಬಿಣದ ಹಳಿ. ಗಾಲಿ ಕಳಚದಂತೆ ಅಚ್ಚಿನ ತುದಿಯಲ್ಲಿ ಕಡಾಣಿ.

ಕಾರಿನ ಗಾಲಿಯಲ್ಲಿ ಮರದ ಗುಂಬವೇ ಇರುವುದಿಲ್ಲ. ಪ್ರತಿ ಸ್ಪೋಕಿನ ಒಳತುದಿಯನ್ನು ಬೆಣೆಯಂತೆ ಕತ್ತರಿಸಿ, ಕಿತ್ತಳೆಯ ತೊಳೆಗಳ ಹಾಗೆ ಒಂದಕ್ಕೊಂದು ಒತ್ತಿ ಜೋಡಿಸಿ, ಹಿಂದೊಂದು ಮುಂದೊಂದು ಲೋಹದ ಬಿಲ್ಲೆ ಇಟ್ಟು ಬೋಲ್ಟು ಬಿಗಿದಿರುತ್ತಾರೆ. ಆ ಲೋಹದ ಭಾಗವೇ ಹಬ್. ನಡುವೆ ಬೋಲ್ಟುಗಳ ವೃತ್ತ ಕಂಡರೆ, ಸ್ಪೋಕುಗಳು ನಡುವೆ ಒಂದರ ಪಕ್ಕಕ್ಕೆ ಇನ್ನೊಂದು ತಾಗಿಕೊಂಡಿದ್ದರೆ, ಅದು ಎತ್ತಿನಗಾಡಿಯದಲ್ಲ.

ಇದು ಫಿರಂಗಿ ಗಾಡಿಯಿಂದ ಮೋಟಾರಿಗೆ ಬಂದ ವಿದ್ಯೆ. ರಣರಂಗದಲ್ಲಿ ಒಂದು ಅರೆ ಮುರಿದರೆ ಇಡೀ ಗಾಲಿಯನ್ನು ಬಿಸಾಡಬೇಕಿಲ್ಲ, ಬೋಲ್ಟು ಬಿಚ್ಚಿ ಅದೊಂದನ್ನೇ ಬದಲಿಸಬಹುದು. ಬ್ರಿಟಿಷ್ ಸೇನೆ ಲೋಹದ ಗುಂಬದ ಗಾಲಿಯನ್ನು 'ಮದ್ರಾಸ್ ಮಾದರಿ' ಎಂದೇ ಕರೆಯುತ್ತಿತ್ತು. ಮದ್ರಾಸ್ ಸೇನೆಯ ಫಿರಂಗಿ ಗಾಡಿ ಕಾರ್ಖಾನೆ 19ನೇ ಶತಮಾನದ ಮೊದಲ ದಶಕಗಳಲ್ಲಿ ಇದ್ದದ್ದು ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ. ಅಮೆರಿಕದ ಗಾಲಿ ನಮಗೆ ಪೂರ್ತಿ ಪರದೇಶಿಯೇನಲ್ಲ ಎಂದು ಗಿರಾಕಿಗಳಿಗೆ ಇದನ್ನು ಹೇಳುವಾಗ ನನಗೊಂದು ಖುಷಿ.

ಇನ್ನೆರಡು ಕಡೆ ಕಣ್ಣು ಮೋಸ ಹೋಗುತ್ತದೆ. ಒಂದು ಜಟಕಾ ಗಾಲಿ. ಅದಕ್ಕೂ ರಬ್ಬರು ಇರಬಹುದು, ಆದರೆ ಅದು ಗಾಳಿ ತುಂಬುವ ಟಯರಲ್ಲ, ಕಿರಿದಾದ ಕಬ್ಬಿಣದ ಕಾಲುವೆಯಲ್ಲಿ ಕೂರಿಸಿದ ಗಟ್ಟಿ ರಬ್ಬರು. ಇನ್ನೊಂದು ಉಕ್ಕಿನ ಗಾಲಿ. ಇಂಗ್ಲೆಂಡಿನ ಜೋಸೆಫ್ ಸ್ಯಾಂಕಿ ಕಂಪನಿ 1908ರ ಸುಮಾರಿಗೆ ಮರದ ಗಾಲಿಯ ಪಡಿಯಚ್ಚಿನಂತೆಯೇ ಕಾಣುವ ಗಾಲಿಯನ್ನು ಉಕ್ಕಿನ ತಗಡು ಒತ್ತಿ ಮಾಡಿತು. ಮೋರಿಸ್ ಕಾರುಗಳಲ್ಲಿ ಅದು ಬಂತು. ನಾಲ್ಕು ಪದರ ಪೇಂಟು ಬಳಿದಿದ್ದರೆ ನನಗೂ ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಅದಕ್ಕೇ ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡಿರುತ್ತೇನೆ. ಹಳೆ ಸ್ಪೀಕರಿನಿಂದ ಕಿತ್ತದ್ದು ಸಾಕು. ಸ್ಪೋಕಿಗೆ ಅಂಟಿದರೆ ಉಕ್ಕು, ಅಂಟದಿದ್ದರೆ ಮರ.

ಯಾವ ಕಾರು, ಮುಂದಿನದೋ ಹಿಂದಿನದೋ?

ಅಮ್ಮತ್ತಿಯ ಗಾಲಿಯನ್ನು ಬೆಂಚಿನ ಮೇಲೆ ಮಲಗಿಸಿ, ಹಬ್ಬಿನ ಸುತ್ತ ಸೀಮೆಎಣ್ಣೆ ಬಟ್ಟೆ ಕಟ್ಟಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಒರೆಸಿದಾಗ ಕಪ್ಪು ಮಡ್ಡಿಯ ಕೆಳಗೆ ಎಲ್ಲ ಕಾಣಿಸಿತು. ಸ್ಪೋಕು 12. ಹಬ್ಬಿಗೆ ಬೋಲ್ಟು 6. ನಡುವಿನ ರಂಧ್ರದೊಳಗೆ ಬೆರಳು ಹಾಕಿದರೆ ಒಂದು ಬದಿಯಿಂದ ಇನ್ನೊಂದು ಬದಿಗೆ ಕಿರಿದಾಗುತ್ತ ಹೋಗುವ ಇಳಿಜಾರು, ಅದರ ಒಂದು ಮಗ್ಗುಲಲ್ಲಿ ಉದ್ದಕ್ಕೂ ಒಂದು ಗೀರು.

ಆ ಗೀರೇ ಮುಖ್ಯ ಸಾಕ್ಷಿ. ಹಿಂದಿನ ಗಾಲಿಯನ್ನು ಎಂಜಿನ್ನು ತಿರುಗಿಸಬೇಕು. ಅದಕ್ಕಾಗಿ ಆಕ್ಸಲ್ಲಿನ ತುದಿ ಮೊನಚಾಗಿರುತ್ತದೆ, ಹಬ್ಬು ಅದರ ಮೇಲೆ ಬಿಗಿದು ಕೂರುತ್ತದೆ, ಜಾರದಂತೆ ನಡುವೆ ಒಂದು ಉಕ್ಕಿನ ಕೀ ಇರುತ್ತದೆ. ಮುಂದಿನ ಗಾಲಿ ತನ್ನಷ್ಟಕ್ಕೆ ತಿರುಗುವಂಥದ್ದು. ಅದರ ಹಬ್ಬಿನೊಳಗೆ ಎರಡು ತುದಿಗೂ ಬೇರಿಂಗು ಕೂರುವ ಬಟ್ಟಲು ಇರುತ್ತದೆ, ಕೀ ಗೀರು ಇರುವುದಿಲ್ಲ. ಹಾಗಾಗಿ ನಮ್ಮದು ಹಿಂದಿನ ಗಾಲಿ, ಅದೂ ಫೋರ್ಡಿನದು ಎಂದೆ.

"ಅದೆಲ್ಲ ಸರಿ, ಫೋರ್ಡ್ ಅಂತ ಹೇಗೆ ಹೇಳ್ತೀರಿ?" ಎಂದರು ತೋಟದ ಸಾಹುಕಾರರು. ಕೇಳಬೇಕಾದ ಪ್ರಶ್ನೆಯೇ. 12 ಸ್ಪೋಕಿನ ಗಾಲಿ ಹಲವು ಕಂಪನಿಗಳದ್ದಿತ್ತು. ಸ್ಪೋಕು ಎಣಿಸಿ ಹೆಸರು ಹೇಳುವವರನ್ನು ನಂಬಬೇಡಿ. ಅಳತೆ, ಬೋಲ್ಟು, ಬ್ರೇಕ್ ಡ್ರಮ್ಮು, ಹಬ್ಬಿನ ಆಕಾರ ನಾಲ್ಕೂ ಒಂದೇ ಮಾತು ಹೇಳಬೇಕು.

ಅಳತೆಯ ಲೆಕ್ಕ ಸುಲಭ. ಆ ಕಾಲದ ಟಯರಿನ ಮೇಲೆ 30×3½ ಎಂದು ಬರೆದಿದ್ದರೆ 30 ಅಂಗುಲ ಟಯರಿನ ಹೊರವ್ಯಾಸ, 3½ ಅಂಗುಲ ಅದರ ದಪ್ಪ. ದಪ್ಪವನ್ನು ಎರಡು ಸಲ ಕಳೆದರೆ ರಿಮ್ಮಿನ ವ್ಯಾಸ ಸಿಗುತ್ತದೆ: 23 ಅಂಗುಲ. ಮಾಡೆಲ್ ಟಿ ಕಾರಿಗೆ ಬಹುಕಾಲ ಹಿಂದಕ್ಕೆ ಈ ಅಳತೆ, ಮುಂದಕ್ಕೆ 30×3, ಅಂದರೆ ರಿಮ್ಮು 24 ಅಂಗುಲ. ಆಮೇಲೆ ಬಂದ ದಪ್ಪ ಟಯರಿಗೆ 4.40-21 ಎಂದು ಬರೆದಿರುತ್ತದೆ. ಅದರಲ್ಲಿ ಮೊದಲಿನದು ದಪ್ಪ, ಕೊನೆಯದು ರಿಮ್ಮಿನ ವ್ಯಾಸ. ಅಳತೆ ಹಿಡಿಯುವಾಗ ರಿಮ್ಮಿನ ಹೊರ ಅಂಚನ್ನಲ್ಲ, ಟಯರಿನ ಬುಡ ಕೂರುವ ಜಾಗವನ್ನು ಅಳೆಯಬೇಕು. ರಿಮ್ಮಿನ ಅಂಚು ಒಳಕ್ಕೆ ಮಡಚಿ ಕೊಕ್ಕೆಯಂತಿದ್ದರೆ ಅದು ಕ್ಲಿಂಚರ್ ರಿಮ್ಮು. ಟಯರಿನ ತುಟಿ ಆ ಕೊಕ್ಕೆಗೆ ಸಿಕ್ಕಿಕೊಂಡು ನಿಲ್ಲುತ್ತಿತ್ತು.

ನಮ್ಮ ಗಾಲಿ: ಕ್ಲಿಂಚರ್ ರಿಮ್ಮು, 23 ಅಂಗುಲ. ಹಿಂಬದಿಯಲ್ಲಿ ತುಕ್ಕು ಹಿಡಿದ ಬ್ರೇಕ್ ಡ್ರಮ್ಮು, ವ್ಯಾಸ 8 ಅಂಗುಲ. ಫೋರ್ಡ್ 1926ರ ಮಾಡೆಲ್ಲಿನಿಂದ ಡ್ರಮ್ಮನ್ನು 11 ಅಂಗುಲಕ್ಕೆ ದೊಡ್ಡದು ಮಾಡಿತು. ಹಾಗಾದರೆ ಇದು ಅದಕ್ಕೂ ಹಿಂದಿನದು. ಕೊನೆಗೆ ಹಬ್ಬಿನ ಫೋಟೊವನ್ನು ಮಾಡೆಲ್ ಟಿ ಇಟ್ಟುಕೊಂಡಿರುವ ಪರಿಚಯಸ್ಥರಿಗೆ ಕಳಿಸಿದೆ. ಅವರು ತಮ್ಮ ಕಾರಿನ ಹಿಂದಿನ ಹಬ್ಬಿನ ಫೋಟೊ ಅದೇ ಕೋನದಲ್ಲಿ ತೆಗೆದು ಕಳಿಸಿದರು. ಎರಡಕ್ಕೂ ವ್ಯತ್ಯಾಸವಿರಲಿಲ್ಲ.

ಬಣ್ಣವನ್ನೂ ನೋಡಿ, ಆದರೆ ಅದರ ಮಾತನ್ನು ಕೊನೆಗೆ ಕೇಳಿ. 1914ರಿಂದ 1925ರವರೆಗೆ ಮಾಡೆಲ್ ಟಿ ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿತ್ತು. ನಮ್ಮ ಗಾಲಿಯ ಮೇಲಿದ್ದದ್ದು ಹಸಿರು. ಚಾಕುವಿನ ಮೊನೆಯಿಂದ ಒಂದು ಉಗುರಿನಷ್ಟು ಜಾಗ ಕೆರೆದಾಗ ಹಸಿರಿನ ಕೆಳಗೆ ಕೆಂಪು, ಅದರ ಕೆಳಗೆ ಮರಕ್ಕೆ ಅಂಟಿದಂತೆ ಕಪ್ಪು ಕಾಣಿಸಿತು. ಮೇಲಿನ ಎರಡು ಬಣ್ಣ ತೋಟದಲ್ಲಿ ಬಳಿದದ್ದು.

ಮರ ಏನನ್ನುತ್ತದೆ

ನಮ್ಮ ಆಚಾರಿ ಸ್ಪೋಕನ್ನು ಮೂಸಿ ನೋಡಿ, "ತೇಗ ಅಲ್ಲ, ಹೊನ್ನೆ ಅಲ್ಲ, ಮತ್ತಿ ಅಂತೂ ಅಲ್ವೇ ಅಲ್ಲ" ಎಂದರು. ಅಮೆರಿಕದ ಗಾಲಿಗಳಿಗೆ ಹೆಚ್ಚಾಗಿ ಬಳಸುತ್ತಿದ್ದದ್ದು ಹಿಕರಿ ಎಂಬ ಮರ. ಕೊಡಲಿ, ಸುತ್ತಿಗೆಯ ಹಿಡಿಗೂ ಅಲ್ಲಿ ಅದೇ. ಬಿಳಿಚು ಕಂದು ಬಣ್ಣ, ಒಳ್ಳೆಯ ತೂಕ, ಪೆಟ್ಟು ತಿಂದರೂ ಸಿಗಿಯದೆ ಬಾಗುವ ಗುಣ. ತೇಗಕ್ಕೆ ಇರುವ ಎಣ್ಣೆಯ ಜಿಡ್ಡು, ಆ ವಾಸನೆ ಇದಕ್ಕಿಲ್ಲ. ಹನ್ನೆರಡರಲ್ಲಿ ಹತ್ತು ಸ್ಪೋಕು ಹೀಗೆ ಬಿಳಿಚಾಗಿದ್ದು ಎರಡು ಮಾತ್ರ ಕೆಂಪಗೆ, ಉಳಿ ಗುರುತಿನೊಂದಿಗೆ ಇದ್ದರೆ, ಆ ಎರಡನ್ನು ನಮ್ಮೂರಿನ ಆಚಾರಿಯೇ ಮಾಡಿದ್ದಾನೆ ಎಂದರ್ಥ. ಅದನ್ನು ಕಿತ್ತು ಹೊಸದು ಹಾಕಬೇಡಿ. ಬಿಡಿಭಾಗ ಸಿಗದ ಊರಲ್ಲಿ ಕಾರು ಹೇಗೆ ಓಡುತ್ತಿತ್ತು ಎಂಬುದಕ್ಕೆ ಅದೇ ದಾಖಲೆ.

ಹಿಕರಿಗೆ ಒಂದು ದೊಡ್ಡ ಶತ್ರು ಕುಟ್ಟೆ ಹುಳ. ಸ್ಪೋಕಿನ ಮೇಲೆ ಸೂಜಿಮೊನೆಯಷ್ಟು ತೂತುಗಳಿದ್ದು, ಗಾಲಿ ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ಬಿಸಿನೀರನ್ನು ಬಣ್ಣವಿಲ್ಲದ ಜಾಗಕ್ಕೆ ಕುಂಚದಿಂದ ಸಾಕಷ್ಟು ಹೀರುವಂತೆ ಹಚ್ಚಿ, ನೆರಳಲ್ಲಿ ಒಣಗಿಸಬೇಕು. ಅಂಥ ಗಾಲಿಯನ್ನು ನೇರ ಮನೆಯೊಳಗೆ ತಂದರೆ ಬಿದಿರು, ಹಲಸಿನ ಪೀಠೋಪಕರಣಕ್ಕೂ ಹುಳದ ಕಾಟ ಶುರುವಾದೀತು.

ಕೊಡಗಿನ ಹವೆಯೂ ಲೆಕ್ಕಕ್ಕೆ ಬರಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಮಾರ್ಚಿ-ಏಪ್ರಿಲಿನ ಬಿಸಿಲಿಗೆ ಸೊರಗಿ ಸಡಿಲವಾಗುತ್ತದೆ. ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದಾಗ ಕಿರ್ ಎಂದರೆ ಸ್ಪೋಕು ಸಡಿಲವಿದೆ. ಆ ಕಾಲದ ಕಾರಿನವರು ಬೇಸಿಗೆಯಲ್ಲಿ ಗಾಲಿ ಉಬ್ಬಲೆಂದು ಕಾರನ್ನೇ ಹೊಳೆಗೆ ಇಳಿಸುತ್ತಿದ್ದದ್ದುಂಟು. ನಮ್ಮ ಗಾಡಿಯವರೂ ಗಾಲಿಯನ್ನು ಕೆರೆಯಲ್ಲಿ ನೆನೆಸುತ್ತಿದ್ದರು. ಅದು ಆ ದಿನದ ಪ್ರಯಾಣಕ್ಕೆ ಆಗುವ ಉಪಾಯ ಅಷ್ಟೇ. ನೆನೆದು ಒಣಗಿ, ನೆನೆದು ಒಣಗಿ ಮರದ ನಾರು ಸೋಲುತ್ತದೆ, ಬುಡ ಕೊಳೆಯುತ್ತದೆ. ಗೋಡೆಗೆ ಒರಗಿಸಿಟ್ಟ ಗಾಲಿಯಲ್ಲಿ ನೆಲಕ್ಕೆ ತಾಗಿದ ಭಾಗವನ್ನೇ ಮೊದಲು ಚುಚ್ಚಿ ನೋಡಿ.

ಶುಚಿ ಮಾಡುವುದು

ಹಳೆಯ ಪೇಂಟಿನಲ್ಲಿ ಸೀಸ ಇರುತ್ತದೆ. ಗ್ರೈಂಡರಿಗೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಆ ಧೂಳು ನಿಮ್ಮ ಎದೆಗೂ, ಅಂಗಳದಲ್ಲಿ ಆಡುವ ಮಕ್ಕಳ ಹೊಟ್ಟೆಗೂ ಹೋಗುತ್ತದೆ. ನೀರು ಚಿಮುಕಿಸಿ, ಒಳ್ಳೆಯ ಮಾಸ್ಕ್ ಹಾಕಿಕೊಂಡು, ಸಡಿಲವಾಗಿ ಎದ್ದ ಪೇಂಟನ್ನು ಮಾತ್ರ ತೆಗೆಯಿರಿ. ಗಟ್ಟಿಯಾಗಿ ಕೂತ ಬಣ್ಣ ಇರಲಿ. ಲೋಹಕ್ಕೆ ಹಿತ್ತಾಳೆ ತಂತಿಯ ಬ್ರಷ್ಷು, ಸೀಮೆಎಣ್ಣೆ ಸಾಕು. ಒಣಗಿದ ಮರಕ್ಕೆ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಒರೆಸಿ, ಹೆಚ್ಚಾದದ್ದನ್ನು ಬಟ್ಟೆಯಿಂದ ತೆಗೆಯಿರಿ. ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೆ ಕಾದು ಬೆಂಕಿ ಹತ್ತುವ ವಸ್ತು ಅದು. ಬಿಡಿಸಿ ಬಯಲಲ್ಲಿ ಒಣಹಾಕಿ. ಹೊಳೆಯುವ ವಾರ್ನಿಷ್ಷು ಬೇಡ. ಮಳೆಗಾಲದಲ್ಲಿ ಅದರಡಿಯ ತೇವ ಹೊರಬರಲಾಗದೆ ಬಿಳಿ ಕಲೆ ಮೂಡುತ್ತದೆ.

ಏನು ಮಾಡಬಹುದು, ಏನು ಕೂಡದು

ಮೊದಲು ಕೂಡದ್ದು. ಇಂಥ ಗಾಲಿಯನ್ನು ಹಾಗೆಯೇ ಮತ್ತೆ ಕಾರಿಗೆ ಹಾಕಿ ರಸ್ತೆಗೆ ಇಳಿಯಬಾರದು. ಹೊರಗೆ ಗಟ್ಟಿ ಕಂಡರೂ ಬೋಲ್ಟಿನ ತೂತಿನೊಳಗೆ ಮರ ಪುಡಿಯಾಗಿರಬಹುದು. ಸ್ಪೋಕು ಬದಲಿಸಿ ಬಿಗಿಯುವುದು ಅದನ್ನೇ ಕಸುಬು ಮಾಡಿಕೊಂಡವರ ಕೆಲಸ. ಇನ್ನು ಸ್ಪೋಕಿಗೆ ಡ್ರಿಲ್ ಹಾಕಬಾರದು, ಹಬ್ಬನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸಬಾರದು, ರಿಮ್ಮಿಗೆ ವೆಲ್ಡಿಂಗ್ ಮಾಡಬಾರದು. ವೆಲ್ಡಿಂಗಿನ ಕಾವಿಗೆ ಪಕ್ಕದ ಮರ ಸುಟ್ಟು ಕರಿಯಾಗುತ್ತದೆ. ಅರ್ಧಕ್ಕೆ ಕೊಯ್ದು ಗೇಟಿಗೆ ಕೂರಿಸಿದ ಗಾಲಿಗಳನ್ನು ನೋಡಿದ್ದೇನೆ. ಆ ಅಂದಕ್ಕೆ ಎತ್ತಿನಗಾಡಿಯ ಗಾಲಿ ಸಾಲದೇ?

ನಾನು ಹಿಡಿದುಕೊಂಡಿರುವ ನಿಯಮ ಒಂದೇ: ಇವತ್ತು ಜೋಡಿಸಿದ್ದನ್ನು ನಾಳೆ ಸ್ಪ್ಯಾನರಿನಿಂದ ಬಿಚ್ಚಿ, ಗಾಲಿಯನ್ನು ಬಂದ ಹಾಗೇ ವಾಪಸು ಕೊಡಲು ಆಗಬೇಕು. ಅಮ್ಮತ್ತಿಯ ಗಾಲಿಗೆ ಟೇಬಲ್ಲೇ ಬೇಕೆಂದು ಸಾಹುಕಾರರ ಮಗಳು ಹಟ ಹಿಡಿದಿದ್ದಳು. ಹಬ್ಬಿನ ನಡುವೆ ದೇವರು ಕೊಟ್ಟಂತೆ ರಂಧ್ರ ಇದ್ದೇ ಇದೆಯಲ್ಲ! ಅಗಲ ಬುಡದ ಕಬ್ಬಿಣದ ಕಂಬವೊಂದನ್ನು ಮಾಡಿ, ಅದರ ಮೇಲೆ ಡ್ರಮ್ಮು ಕೂರುವಷ್ಟು ದೊಡ್ಡ ಬಿಲ್ಲೆ ಇಟ್ಟು, ಕಂಬದ ತುದಿಯ ಸಣ್ಣ ಸಲಾಕೆಯನ್ನು ಹಬ್ಬಿನೊಳಗೆ ತೂರಿಸಿ ಮೇಲಿಂದ ವಾಷರು, ನಟ್ಟು ಬಿಗಿದೆ. ಲೋಹ ಲೋಹಕ್ಕೆ ತಾಗುವಲ್ಲಿ ಹಳೆ ಟ್ಯೂಬಿನ ರಬ್ಬರು. ರಿಮ್ಮಿನ ಮೇಲೆ ರಬ್ಬರ್ ಬಿಲ್ಲೆ, ಅದರ ಮೇಲೆ 36 ಅಂಗುಲ ವ್ಯಾಸದ, 12 ಮಿಲಿಮೀಟರ್ ದಪ್ಪದ ಟಫನ್ಡ್ ಗ್ಲಾಸು. ಮರಕ್ಕೆ ಒಂದು ಮೊಳೆಯೂ ತಾಗಿಲ್ಲ. ಗಾಜಿನ ಕೆಳಗೆ ಒಂದು ಚೀಟಿ: ಯಾವ ಗಾಲಿ, ಎಲ್ಲಿ ಸಿಕ್ಕಿತು, ಅಳತೆ ಎಷ್ಟು, ಎಂದು ಜೋಡಿಸಿದ್ದು.

ದೀಪದ ತೂಗುಗೊಂಚಲು ಮಾಡುವ ಆಸೆ ಹಲವರಿಗೆ. ಹಬ್ಬು, ರಿಮ್ಮು ಸೇರಿ ಗಾಲಿ ಹತ್ತು ಕೆಜಿಗೂ ಮೀರಿ ತೂಗುತ್ತದೆ. ಅದನ್ನು ಹೆಂಚಿನ ಕೆಳಗಿನ ರೀಪಿಗೋ, ಜಿಪ್ಸಮ್ ಸೀಲಿಂಗಿಗೋ ನೇತುಹಾಕಬಾರದು. ಗಟ್ಟಿ ತೊಲೆಗೆ ಪಟ್ಟಿ ಸುತ್ತಿ, ಗಾಲಿಯನ್ನು ರಿಮ್ಮಿನ ಮೂರು ಕಡೆ ಸರಪಳಿಯಿಂದ ಹಿಡಿಯಬೇಕು, ಸ್ಪೋಕಿನಿಂದ ಅಲ್ಲ. ಗೋಡೆಗೆ ಹಾಕುವುದಾದರೆ ಹಬ್ಬಿನ ರಂಧ್ರಕ್ಕೆ ಒಂದು ಗೂಟ, ಕೆಳಗೆ ರಿಮ್ಮಿಗೆ ಎರಡು ಆಸರೆ. ಮಳೆ ಎರಚಲು ಬೀಳದ, ನೇರ ಬಿಸಿಲು ಬಾರದ ಜಗಲಿಯ ಒಳಗೋಡೆ ಒಳ್ಳೆಯದು. ಅಡುಗೆಮನೆಯ ಒಲೆಯ ಹತ್ತಿರ ಬೇಡ.

ಯಾರಿಗೋ ಬೇಕಾದ ಗಾಲಿ

ಹೀಗೆ ಜಾಗ್ರತೆ ವಹಿಸಲು ಇನ್ನೊಂದು ಕಾರಣವಿದೆ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ಕ್ರಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ವಾಹನಕ್ಕೆ 'ವಿಎ' ಅಕ್ಷರವಿರುವ ನಂಬರು ಸಿಗುತ್ತದೆ. ಹಳೆ ಕಾರು ಎಬ್ಬಿಸುವವರು ಇದರಿಂದಾಗಿ ಮೂಲ ಭಾಗಗಳನ್ನು ಇನ್ನಷ್ಟು ಹುಡುಕುತ್ತಾರೆ. ನಿಮ್ಮ ಅಟ್ಟದ ಗಾಲಿ ಇನ್ನೊಬ್ಬರ ಶೆಡ್ಡಿನಲ್ಲಿ ಮೂರೇ ಗಾಲಿಯ ಮೇಲೆ ನಿಂತ ಕಾರಿನ ನಾಲ್ಕನೆಯದಾಗಿರಬಹುದು. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸಬಹುದು ಎಂಬುದೂ ನೆನಪಿರಲಿ. ವಿದೇಶದವರು ಕೇಳಿದರೆಂದು ವಿಚಾರಿಸದೆ ಪಾರ್ಸೆಲ್ ಮಾಡಬೇಡಿ.

ಗುರುತಿಸುವ ಕಣ್ಣು ಬರಬೇಕಾದರೆ ಓಡುವ ಸ್ಥಿತಿಯಲ್ಲಿರುವ ಕಾರುಗಳನ್ನು ಹತ್ತಿರದಿಂದ ನೋಡಬೇಕು. ನಮಗೆ ದೂರವೇನಿಲ್ಲ. ಶ್ರೀರಂಗಪಟ್ಟಣದ ಬಳಿ 'ಪಯಣ' ಕಾರು ಸಂಗ್ರಹಾಲಯವಿದೆ, ಧರ್ಮಸ್ಥಳದಲ್ಲಿ ದೇವಸ್ಥಾನದ ಹತ್ತಿರವೇ ಕಾರು ಸಂಗ್ರಹಾಲಯವಿದೆ. ಹೋದಾಗ ಕಾರಿನ ಬಾನೆಟ್ಟಿನ ಎದುರು ಸೆಲ್ಫಿ ತೆಗೆದು ಬರಬೇಡಿ. ಬಗ್ಗಿ ಗಾಲಿ ನೋಡಿ, ಬೋಲ್ಟು ಎಣಿಸಿ.

ತೋಟದ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟೆ. ಈ ಬೇಸಿಗೆಯಲ್ಲಿ ಗೋಡೌನು, ಪಲ್ಪರ್ ಮನೆ, ಹಳೆಯ ಕೊಟ್ಟಿಗೆಯ ಅಟ್ಟ ಒಮ್ಮೆ ನೋಡಿ. ಮರದ ಗಾಲಿ ಸಿಕ್ಕರೆ ಪಕ್ಕದಲ್ಲಿ ಅಳತೆ ಟೇಪು ಹಿಡಿದು ಮುಂದೆ, ಹಿಂದೆ, ಹಬ್ಬಿನ ಒಳಗೆ ಹೀಗೆ ಮೂರು ಫೋಟೊ ತೆಗೆಯಿರಿ. ಸ್ಪೋಕು ಎಷ್ಟು, ಬೋಲ್ಟು ಎಷ್ಟು, ರಿಮ್ಮು ಎಷ್ಟು ಅಂಗುಲ, ಕೀ ಗೀರು ಇದೆಯೇ ಎಂದು ಬರೆದಿಡಿ. ಮನೆಯ ಹಿರಿಯರು ಇದ್ದಾಗಲೇ ಆ ಕಾರು ಯಾರದೆಂದು ಕೇಳಿ ಅದನ್ನೂ ಬರೆಯಿರಿ. ಆಮೇಲೆ ಬೆಂಗಳೂರಿನ ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ಬಿನಂಥ ಬಲ್ಲವರಿಗೆ ತೋರಿಸಿ. ಟೇಬಲ್ ಮಾಡಲು ಆಮೇಲೂ ಸಮಯವಿದೆ. ಡ್ರಿಲ್ ಹಾಕಿದ ಮೇಲೆ ಗುರುತು ಹುಡುಕಿ ಪ್ರಯೋಜನವಿಲ್ಲ.